ಫ್ಯಾಟ್ ಬೈಕ್ ಮತ್ತು ಸಮುದ್ರದ ಉಸುಕು: ಹುಬ್ಬಳ್ಳಿ-ಧಾರವಾಡದವರಿಗೊಂದು ಮಾರ್ಗದರ್ಶಿ

ಫ್ಯಾಟ್ ಬೈಕ್, ಅಂದರೆ ತೀರಾ ದಪ್ಪ ಟೈರಿನ ಸೈಕಲ್, ಹತ್ತಿ ಉಣಕಲ್ ಕೆರೆ ಕಡೆ ಹೋಗಿ ನಿಲ್ಲಿಸಿ ನೋಡಿ. ಐದು ನಿಮಿಷದೊಳಗೆ ಯಾರಾದರೂ ಬಂದು ಟೈರ್ ಒತ್ತಿ ನೋಡುತ್ತಾರೆ. "ಏನ್ರೀ ಅಣ್ಣಾರ, ಬುಲೆಟ್ ಗಾಲಿ ಹಾಕಿಸೀರೇನು?" ಆಮೇಲೆ ಎರಡನೇ ಪ್ರಶ್ನೆ ಬರುತ್ತದೆ, "ಎಷ್ಟು ಓಡತೈತ್ರೀ?" ಉತ್ತರ ಕೇಳಿದ ಮೇಲೆ ಅವರ ಉತ್ಸಾಹ ಇಳಿಯುತ್ತದೆ. ಯಾಕಂದರೆ ಇದು ಓಡುವ ಸೈಕಲ್ ಅಲ್ಲ. ಡಾಂಬರು ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಸಾದಾ ಸೈಕಲ್ಲಿನವರೂ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ಅದರ ಕೆಲಸವೇ ಬೇರೆ. ಅಮೆರಿಕದ ಅಲಾಸ್ಕಾದಲ್ಲಿ ಹಿಮದ ಮೇಲೆ, ನ್ಯೂ ಮೆಕ್ಸಿಕೋದಲ್ಲಿ ಮರಳುಗಾಡಿನ ಮೇಲೆ ಸೈಕಲ್ ಹೊಡೆಯಬೇಕು ಅಂತ ಹಟ ಹಿಡಿದವರು 1980ರ ದಶಕದ ಕೊನೆಯಿಂದ ಇದರ ಬೆನ್ನು ಹತ್ತಿದ್ದರು. ಮೊದಮೊದಲು ಕೆಲವರು ಎರಡು ರಿಮ್ ಜೋಡಿಸಿ ಅಗಲ ಮಾಡಿಕೊಂಡರು. 2005ರಲ್ಲಿ ಸರ್ಲಿ ಕಂಪನಿಯ ಪಗ್‌ಸ್ಲಿ ಬಂದ ಮೇಲೆ ಇಂಥ ಸೈಕಲ್ ಅಂಗಡಿಯಲ್ಲಿ ಸಿಗುವ ಮಾಲಾಯಿತು. ಈಗ ನಮ್ಮ ಪೇಟೆಯಲ್ಲೂ ಇದೆ. ಆದರೆ ತುಂಬಾ ಜನ ಇದನ್ನು ಕೊಂಡು, ನಾಲ್ಕು ದಿನ ಓಣಿಯಲ್ಲಿ ತಿರುಗಿಸಿ, ಭಾರ ಅಂತ ಜಿನದ (ಮೆಟ್ಟಿಲ) ಕೆಳಗೆ ನಿಲ್ಲಿಸಿಬಿಡುತ್ತಾರೆ. ಅಂಥ ಸೈಕಲ್ ನಿಮ್ಮ ಮನೆಯಲ್ಲೂ ಇದ್ದರೆ ಅದನ್ನು ಒಂದು ಸಲ ಸಮುದ್ರದ ದಂಡೆಗೆ ಒಯ್ಯಿರಿ. ನಮಗೆ ಕಡಲು ದೂರವೇನಿಲ್ಲ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟಿ ಇಳಿದರೆ ಅಂಕೋಲಾ, ಸುಮಾರು 140 ಕಿ.ಮೀ.

ಉಸುಕಿನ ಮೇಲೆ ಎರಡು ಮೂರು ತಾಸು ಒಂದೇ ಲಯದಲ್ಲಿ ಪೆಡಲ್ ತುಳಿದಾಗ ತಲೆ ಖಾಲಿಯಾಗುವ ಸುಖ ಬೇರೆ ಯಾವ ಸವಾರಿಯಲ್ಲೂ ನನಗೆ ಸಿಕ್ಕಿಲ್ಲ. ಹಾಗಂತ ಅದು ಸುಮ್ನೆ ಸಿಗುವುದಿಲ್ಲ. ಟೈರಿನ ಗಾಳಿ ಸರಿಯಿಲ್ಲದಿದ್ದರೆ, ನೀರಿನ ಹೊತ್ತು ತಪ್ಪಿದರೆ, ಅದೇ ದಂಡೆಯ ಮೇಲೆ ಸೈಕಲ್ ನೂಕಿಕೊಂಡು ಬೈಯುತ್ತ ಬರಬೇಕಾಗುತ್ತದೆ. ಹಾಗಾಗಿ ತಯಾರಿಯಿಂದಲೇ ಶುರು ಮಾಡೋಣ.

ಮೊದಲು ಸೈಕಲ್ ನೋಡಿಕೊಳ್ಳಿ

ಟೈರ್ ಅಗಲ 4 ಇಂಚು ಇದ್ದರೆ ಕಡಲ ದಂಡೆಗೆ ಸಾಕು. 4.8 ಇಂಚಿನದು ಇನ್ನೂ ಒಳ್ಳೆಯದು, ಆದರೆ ಅದಕ್ಕಾಗಿ ಹೊಸ ಸೈಕಲ್ ಬೇಡ. ಗೇರ್ ಮಾತ್ರ ಬೇಕೇ ಬೇಕು. ಗೇರ್ ಇಲ್ಲದ ಅಗ್ಗದ ಫ್ಯಾಟ್ ಬೈಕ್‌ಗಳು ನೋಡಲು ಭರ್ಜರಿಯಾಗಿರುತ್ತವೆ. ಮೆತ್ತನೆ ಉಸುಕು ಬಂದ ಕೂಡಲೇ ಮೊಣಕಾಲು ಹಿಡಿದುಕೊಳ್ಳುತ್ತದೆ. ಮುಂದಿನ ಹಲ್ಲುಚಕ್ರ 28 ಅಥವಾ 30 ಹಲ್ಲಿನದಿದ್ದು, ಹಿಂದೆ ದೊಡ್ಡದು 36ಕ್ಕಿಂತ ಕಡಿಮೆ ಇಲ್ಲದಿದ್ದರೆ ನೆಮ್ಮದಿ.

ಇನ್ನೊಂದು ಸಣ್ಣ ಸಾಮಾನು ಬೇಕು. ಕಡಿಮೆ ಗಾಳಿ ಅಳೆಯುವ ಗೇಜ್, 0ಯಿಂದ 15 ಅಥವಾ 30 ಪಿಎಸ್‌ಐವರೆಗಿನದು. (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ.) ಮನೆಯ ಪಂಪಿನ ಮುಳ್ಳು 10ರ ಕೆಳಗೆ ಏನು ತೋರಿಸಿದರೂ ನಂಬಬೇಡಿ. ಪಂಚರ್ ಅಂಗಡಿಯ ಕಂಪ್ರೆಸರ್‌ನಲ್ಲಂತೂ ತುಂಬಿಸಲೇಬೇಡಿ. ಅಲ್ಲಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಟೈರ್ ಕಲ್ಲಾಗಿರುತ್ತದೆ.

ಟ್ಯೂಬ್ ಇರಲಿ, ಟ್ಯೂಬ್‌ಲೆಸ್ ಇರಲಿ, ಹೊರಡುವ ಮುನ್ನ ಟೈರಿನ ಮೇಲೆ ಅಂಗೈ ಸವರಿ ಮುಳ್ಳು ಹುಡುಕಿ. ನಮ್ಮ ಕಡೆ ದಾರಿ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳು ಒಳಗೆ ಮುರಿದು ಕೂತಿರುತ್ತದೆ. ಜಾಸ್ತಿ ಗಾಳಿ ಇದ್ದಾಗ ಸುಮ್ಮನಿದ್ದು, ಗಾಳಿ ಇಳಿಸಿ ಟೈರ್ ಬಾಗತೊಡಗಿದಾಗ ಟ್ಯೂಬಿಗೆ ಚುಚ್ಚುತ್ತದೆ.

ಊರಲ್ಲೇ ಒಂದಿಷ್ಟು ಅಭ್ಯಾಸ

ಉಸುಕಿನ ಅಭ್ಯಾಸ ಉಸುಕಿನಲ್ಲೇ ಆಗಬೇಕು. ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ವರದಾ ನದಿ ತುಂಗಭದ್ರೆಯನ್ನು ಕೂಡುತ್ತದೆ. ನೀರು ಇಳಿದ ಮೇಲೆ ಹೊಳೆ ದಂಡೆಯಲ್ಲಿ ಉಸುಕು ತೆರೆದುಕೊಳ್ಳುತ್ತದೆ. ಹೊಳೆಯ ಉಸುಕು ಕಡಲಿನದಕ್ಕಿಂತ ದಪ್ಪ, ಹಾಗಾಗಿ ಇನ್ನೂ ಸಡಿಲ. ಅಲ್ಲಿ ನೂರು ಮೀಟರ್ ನೆಟ್ಟಗೆ ಹೋಗಲು ಬಂದರೆ ಕಾರವಾರದಲ್ಲಿ ಕಷ್ಟವಾಗುವುದಿಲ್ಲ. ಒಂದು ಎಚ್ಚರಿಕೆ: ಉಸುಕು ತೆಗೆದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಆಳ ತಿಳಿಯುವುದಿಲ್ಲ. ನೀರಿನ ಅಂಚಿಗೆ ಹೋಗಬೇಡಿ, ಒಬ್ಬರೇ ಹೋಗಬೇಡಿ.

ಎರಿ ಹೊಲದಲ್ಲಿ ಅಭ್ಯಾಸ ಮಾಡಿದರೆ ಆಗದೇ ಅಂತ ನವಲಗುಂದ, ಅಣ್ಣಿಗೇರಿ ಕಡೆಯವರು ಕೇಳುತ್ತಾರೆ. ಒಣಗಿದ್ದಾಗ ಆಗುತ್ತದೆ. ಮಳೆ ಬಿದ್ದ ಮೇಲೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಎರಿ ಮಣ್ಣು ಟೈರಿಗೆ ಮೆತ್ತಿ, ಫ್ರೇಮ್ ತುಂಬಿ, ಗಾಲಿ ತಿರುಗುವುದೇ ನಿಂತುಹೋಗುತ್ತದೆ. ಆಮೇಲೆ ಸೈಕಲ್ ಹೆಗಲ ಮೇಲೆ, ಮಣ್ಣಿನ ಭಾರ ಸೇರಿ.

ನೀರಿನ ಹೊತ್ತು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಬಯಲುಸೀಮೆಯ ನಮಗೆ ಇದರ ಅಭ್ಯಾಸ ಇಲ್ಲ. ಸಮುದ್ರ ಅಂದರೆ ಯಾವಾಗ ಹೋದರೂ ಒಂದೇ ಅಂದುಕೊಂಡಿರುತ್ತೇವೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 6ಕ್ಕೆ ಇಳಿತ ಇದ್ದರೆ ನಾಳೆ 6.50ರ ಸುಮಾರಿಗೆ. ಉಬ್ಬರದಲ್ಲಿ ನಿಮಗೆ ಉಳಿಯುವುದು ಮೇಲಿನ ಒಣ, ಸಡಿಲ ಉಸುಕು ಮಾತ್ರ. ಇಳಿತದಲ್ಲಿ ನೀರು ಹಿಂದೆ ಸರಿದು, ಒದ್ದೆಯಾದ, ಚಪ್ಪಟೆಯಾದ, ಗಟ್ಟಿ ನೆಲ ಬಿಟ್ಟುಕೊಡುತ್ತದೆ. ಅದೇ ನಿಮ್ಮ ದಾರಿ.

ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ. ಕಾರವಾರದ ಕಡೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಇಳಿತ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ, ಮತ್ತೆ ಸಂಜೆ ಮುಂದೆ ಬರುತ್ತದೆ. ಅಷ್ಟಮಿಯಲ್ಲಿ ಅದು ಮಧ್ಯಾಹ್ನದ ಕಡೆ ಸರಿಯುತ್ತದೆ, ಬಿಸಿಲಿಗೆ ಸಿಕ್ಕಿಬೀಳುತ್ತೀರಿ. ಆದ್ದರಿಂದ ನನ್ನ ಲೆಕ್ಕ ಸರಳ: ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಹೊಂದುವ ರಜೆ ಹುಡುಕುವುದು. ಆಗ ಇಳಿತ ಬೆಳಿಗ್ಗೆ 7ರ ಆಸುಪಾಸಿಗೆ ಬರುತ್ತದೆ. ಬೆಳಕು ಹರಿದ ಕೂಡಲೇ ಹೊರಟರೆ ನೀರು ಇನ್ನೂ ಇಳಿಯುತ್ತಲೇ ಇರುತ್ತದೆ, ಅರ್ಧ ದಾರಿಗೆ ಪೂರ್ತಿ ಇಳಿದಿರುತ್ತದೆ, ವಾಪಸ್ ಬರುವಾಗಲೂ ದಾರಿ ಉಳಿದಿರುತ್ತದೆ.

ಪಂಚಾಂಗ ದಿನ ಗೊತ್ತು ಮಾಡಲಿಕ್ಕೆ ಮಾತ್ರ. ಗಂಟೆ ನಿಮಿಷಕ್ಕೆ ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಜಾಲತಾಣದಲ್ಲಿ ಉಬ್ಬರ-ಇಳಿತದ ಪಟ್ಟಿ ನೋಡಿ. ದೊಡ್ಡ ಅಲೆಗಳ ಎಚ್ಚರಿಕೆಯನ್ನೂ ಅವರೇ ಕೊಡುತ್ತಾರೆ. ಎಚ್ಚರಿಕೆ ಇದ್ದರೆ ಅವತ್ತು ಹೋಗಬೇಡಿ, ಇಷ್ಟು ದೂರ ಬಂದಿದ್ದೇವೆ ಅಂತ ಜಿದ್ದು ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿನ ತಂಟೆಯೇ ಬೇಡ. ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆ ಕಾಲ.

ಗಾಳಿಯ ದಿಕ್ಕು ಇನ್ನೊಂದು. ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲನೆ ಬೀಸುತ್ತದೆ. ಬಿಸಿಲೇರಿದಂತೆ ಸಮುದ್ರದಿಂದ, ವಾಯವ್ಯದ ಕಡೆಯಿಂದ ಜೋರಾಗುತ್ತದೆ. ಹಾಗಾಗಿ ಮೊದಲು ಉತ್ತರಕ್ಕೆ ಹೋಗಿ, ವಾಪಸ್ ದಕ್ಷಿಣಕ್ಕೆ ಬನ್ನಿ. ದಣಿದ ಹೊತ್ತಿಗೆ ಗಾಳಿ ಬೆನ್ನಿಗಿರುತ್ತದೆ.

ಸೈಕಲ್ ಒಯ್ಯುವುದು

ಘಾಟಿಯಲ್ಲಿ ಫ್ಯಾಟ್ ಬೈಕ್ ಹೊಡೆದುಕೊಂಡೇ ಹೋಗುತ್ತೇನೆ ಅನ್ನುವ ಧೀರರಿಗೆ ನಮಸ್ಕಾರ. ಲಾರಿಗಳ ನಡುವೆ ಅರಬೈಲ್ ತಿರುವುಗಳು ನನಗೆ ಬೇಡ. ಕಾರಾದರೆ ಎರಡೂ ಗಾಲಿ ಬಿಚ್ಚಿ, ಹಿಂದಿನ ಸೀಟು ಮಡಚಿ ಮಲಗಿಸಿ. ಕಾರಿನ ಹಿಂದೆ ಕಟ್ಟುವ ಸ್ಟ್ಯಾಂಡ್ ಬಾಡಿಗೆ ತರುವವರು ಒಂದು ನೋಡಿಕೊಳ್ಳಿ: ಗಾಲಿ ಕೂರುವ ತಟ್ಟೆ ಸಾದಾ ಟೈರಿನ ಅಳತೆಯದಿದ್ದರೆ ಫ್ಯಾಟ್ ಬೈಕ್ ಕೂರುವುದಿಲ್ಲ. ಬಸ್ಸಿನಲ್ಲಾದರೆ ಗಾಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಜನ ಕಡಿಮೆ ಇರುವ ಹೊತ್ತಿನ ಗಾಡಿ ಹುಡುಕಿ, ಕಂಡಕ್ಟರ್ ಸಾಹೇಬರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು. ಹುಬ್ಬಳ್ಳಿ-ಅಂಕೋಲಾ ರೈಲಿಗೆ ಕಾಯುತ್ತೇನೆ ಅಂದರೆ ನಮ್ಮ ಅಪ್ಪಂದಿರ ಕಾಲದಿಂದ ಕಾಯುತ್ತಿರುವವರ ಸಾಲಿನಲ್ಲಿ ನಿಲ್ಲಿ.

ಹಿಂದಿನ ದಿನವೇ ಹೋಗಿ ಉಳಿಯಿರಿ. ನಸುಕಿನಲ್ಲಿ ಘಾಟಿ ಇಳಿದು ನೇರ ಉಸುಕಿಗೆ ಹೋದರೆ ಮೈ ಅಲ್ಲಿದ್ದರೂ ತಲೆ ಇನ್ನೂ ಕಾರಿನಲ್ಲೇ ಇರುತ್ತದೆ.

ಎಲ್ಲಿ ಹೊಡೆಯಬೇಕು?

ಮೊದಲ ಸಲಕ್ಕೆ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರ. ಉಸುಕು ನಯವಾಗಿದೆ, ದಂಡೆ ಅಗಲವಾಗಿದೆ, ಊರು ಪಕ್ಕದಲ್ಲೇ ಇದೆ. ಯುದ್ಧನೌಕೆ ಐಎನ್‌ಎಸ್ ಚಾಪಲ್ ಇಟ್ಟಿರುವ ಕಡೆಯಿಂದ ಉತ್ತರಕ್ಕೆ, ಕಾಳಿ ನದಿ ಕಡಲು ಸೇರುವ ಕೋಡಿಬಾಗ ಕಡೆ ಹೋಗಿ ಬನ್ನಿ. ಸಾಲದಿದ್ದರೆ ಇನ್ನೊಂದು ಸುತ್ತು. ಕಾರವಾರದ ದಕ್ಷಿಣಕ್ಕೆ ಅರಗಾ ಕಡೆ ನೌಕಾನೆಲೆ ಇದೆ. ಆ ಕಡೆ ಹೋಗುವಂತಿಲ್ಲ, ಬೋರ್ಡ್ ಕಂಡಲ್ಲಿ ತಿರುಗಿ.

ಎರಡನೆಯದು ಗೋಕರ್ಣ. ಜನ ಓಂ ಬೀಚ್ ಅಂತ ಓಡುತ್ತಾರೆ, ಸೈಕಲ್ಲಿಗೆ ಅದು ಪ್ರಯೋಜನವಿಲ್ಲ, ತುಂಡು ತುಂಡು ದಂಡೆ, ಬಂಡೆ. ಊರ ಮುಂದಿನ ಮುಖ್ಯ ಕಡಲತೀರದಿಂದಲೇ ಉತ್ತರಕ್ಕೆ ಗಂಗಾವಳಿ ಅಳಿವೆ ಕಡೆ ಹೊರಡಿ. ಸ್ವಲ್ಪ ದೂರದಲ್ಲೇ ಜನ ಮುಗಿಯುತ್ತಾರೆ. ಹೊನ್ನಾವರದ ಹತ್ತಿರ ಶರಾವತಿ ಅಳಿವೆಯ ದಕ್ಷಿಣಕ್ಕೆ ಕಾಸರಕೋಡು ಇದೆ. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಆ ಭಾಗದಲ್ಲಿ ಇಳಿದು ನಡೆದು, ಆಚೆ ಹೋದ ಮೇಲೆ ಹತ್ತಿ.

ಅಳಿವೆ ಅಂದೆನಲ್ಲ, ನದಿಯ ಬಾಯಿ. ಇಳಿತದಲ್ಲಿ ಮೊಣಕಾಲುದ್ದ ನೀರು ಕಂಡರೂ ಸೈಕಲ್ ಎತ್ತಿಕೊಂಡು ದಾಟುವ ಆಸೆ ಬೇಡ. ಸೆಳೆತ ಮೇಲಿಂದ ಕಾಣುವುದಿಲ್ಲ, ಬುಡದ ಉಸುಕು ಕಾಲ ಕೆಳಗಿಂದ ಜಾರುತ್ತದೆ. ಅಳಿವೆ ಅಂದರೆ ವಾಪಸ್ ತಿರುಗುವ ಜಾಗ.

ಗಾಳಿ ಇಳಿಸುವುದು

ದಂಡೆಗೆ ಬಂದ ಮೇಲೆ ಟೈರ್ 8 ಪಿಎಸ್‌ಐಗೆ ಇಳಿಸಿ. ಐವತ್ತು ಮೀಟರ್ ಹೊಡೆದು, ಇಳಿದು, ನಿಮ್ಮದೇ ಜಾಡು ನೋಡಿ. ಟೈರ್ ಉಸುಕನ್ನು ಸೀಳಿ ಅಂಚು ಎಬ್ಬಿಸಿದ್ದರೆ ಇನ್ನೊಂದು ಪಿಎಸ್‌ಐ ಬಿಡಿ. ಮತ್ತೆ ನೋಡಿ. ಜಾಡು ಅಗಲವಾಗಿ, ಟೈರಿನ ಗುಬಟು ಗುರುತು ಒಂದೊಂದೂ ಸ್ಪಷ್ಟವಾಗಿ ಮೂಡಿದ್ದರೆ ಅಲ್ಲಿಗೆ ನಿಲ್ಲಿಸಿ. ನೀವು ಕೂತಾಗ ಟೈರ್ ಜೋಳದ ರೊಟ್ಟಿ ಅಂಗೈ ಕೆಳಗೆ ಅಗಲವಾಗುವ ಹಾಗೆ ಹರಡಿಕೊಳ್ಳಬೇಕು, ಬದಿಯಲ್ಲಿ ಸಣ್ಣ ನೆರಿಗೆ ಬಿದ್ದರೂ ಪರವಾಗಿಲ್ಲ. ಎಪ್ಪತ್ತು ಕಿಲೋ ತೂಗುವವರಿಗೆ ಒದ್ದೆ ಉಸುಕಿನಲ್ಲಿ 6ರ ಸುಮಾರು ಸರಿಹೋಗುತ್ತದೆ. ಮುಂದಿನ ಗಾಲಿಗೆ ಹಿಂದಿನದಕ್ಕಿಂತ ಒಂದು ಕಡಿಮೆ ಇರಲಿ. ಟ್ಯೂಬ್ ಇರುವ ಟೈರಾದರೆ 5ರ ಕೆಳಗೆ ಇಳಿಸಬೇಡಿ. ಟೈರ್ ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ.

ರಸ್ತೆಗೆ ಮರಳುವಾಗ 12-15ಕ್ಕೆ ತುಂಬಿಸಿಕೊಳ್ಳಬೇಕು. ಕೈಪಂಪಿನಲ್ಲಿ ಇದು ನೂರಾರು ಹೊಡೆತದ ಕೆಲಸ, ತೋಳು ಬಿದ್ದುಹೋಗುತ್ತದೆ. ಕಾರಿನಲ್ಲಿ ನಿಲ್ಲಿಸಿ ಹೊಡೆಯುವ ದೊಡ್ಡ ಪಂಪ್ ಇಟ್ಟಿರಿ.

ಸವಾರಿ

ಗಟ್ಟಿ ಉಸುಕು ಎಲ್ಲಿದೆ ಅಂತ ತಿಳಿಯಲು ಬರಿಗಾಲಲ್ಲಿ ನಡೆದು ನೋಡಿ. ಹೆಜ್ಜೆ ಊರಿದಾಗ ಪಾದದ ಸುತ್ತ ಉಸುಕು ಒಂದು ಕ್ಷಣ ಬೆಳ್ಳಗಾಗಿ, ಒಣಗಿದ ಹಾಗೆ ಕಂಡು, ಮತ್ತೆ ಕಪ್ಪಾಗುತ್ತದೆಯಲ್ಲ, ಅದೇ ಪಟ್ಟಿ. ಒತ್ತಿದಾಗ ಕಣಗಳು ಒಂದರಿಂದೊಂದು ಸರಿದು ನಡುವೆ ಜಾಗವಾಗುತ್ತದೆ, ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ ಎಂಬ ಎಂಜಿನಿಯರ್ 1885ರಲ್ಲೇ ಇದನ್ನು ವಿವರಿಸಿದ್ದರು. ಕಣಗಳ ನಡುವಿನ ನೀರು ಉಸುಕನ್ನು ಹಿಡಿದಿಟ್ಟಿರುತ್ತದೆ, ಅದಕ್ಕೇ ಗಟ್ಟಿ. ಇನ್ನೂ ಕೆಳಗೆ, ನೀರು ನಿಂತು ಹೊಳೆಯುವ ಕಡೆ ಮತ್ತೆ ಮೆತ್ತಗಾಗುತ್ತದೆ. ಮೇಲೆ, ಒಣಗಿ ಬೆಳ್ಳಗಿರುವ ಕಡೆ ಸಡಿಲ. ನಡುವಿನ ಪಟ್ಟಿಯಲ್ಲಿ ಇರಿ, ನೀರು ಸರಿದಂತೆ ನೀವೂ ಸರಿಯಿರಿ.

ಗೇರ್ ಹಗುರ ಇರಲಿ. ಪೆಡಲ್ ಒಂದೇ ಸಮ ತಿರುಗಲಿ, ಎದ್ದು ನಿಂತು ತುಳಿಯಬೇಡಿ, ಹಿಂದಿನ ಗಾಲಿ ಗುಂಡಿ ತೋಡುತ್ತದೆ. ಮೆತ್ತನೆ ಜಾಗ ಬಂದರೆ ಭಾರ ಸ್ವಲ್ಪ ಹಿಂದೆ ಹಾಕಿ, ಹ್ಯಾಂಡಲ್ ಸಡಿಲ ಹಿಡಿದು, ಮುಂದಿನ ಗಾಲಿ ಅತ್ತಿತ್ತ ಆಡಿದರೂ ಆಡಲು ಬಿಡಿ. ಗಟ್ಟಿ ಹಿಡಿದವರೇ ಬೀಳುವುದು. ತಿರುಗುವಾಗ ಅಗಲವಾಗಿ ತಿರುಗಿ. ಬ್ರೇಕ್ ಹೆಚ್ಚು ಕಡಿಮೆ ಬೇಕಾಗುವುದೇ ಇಲ್ಲ, ಪೆಡಲ್ ನಿಲ್ಲಿಸಿದರೆ ಉಸುಕೇ ನಿಲ್ಲಿಸುತ್ತದೆ.

ವೇಗ ಗಂಟೆಗೆ 8ರಿಂದ 12 ಕಿ.ಮೀ. ಅಷ್ಟೇ. ಇದನ್ನು ಒಪ್ಪಿಕೊಳ್ಳುವುದೇ ಕಷ್ಟ, ಅಲ್ವಾ? ಊರಲ್ಲಿ ಸೈಕಲ್ ಹೊಡೆಯುವಾಗ ನಮ್ಮ ಕಣ್ಣು ಹತ್ತು ಕಡೆ ಇರುತ್ತದೆ. ಚೆನ್ನಮ್ಮ ಸರ್ಕಲ್ಲಿನ ಆಟೋ, ಹಿಂದಿನಿಂದ ಬರುವ ಚಿಗರಿ ಬಸ್ಸು, ತಟ್ಟನೆ ತೆರೆಯುವ ಕಾರಿನ ಬಾಗಿಲು. ಆ ಅಭ್ಯಾಸ ಉಸುಕಿಗೂ ಬರುತ್ತದೆ. ಮೊದಲ ಅರ್ಧ ತಾಸು ತಲೆ ಸುಮ್ಮನಿರುವುದಿಲ್ಲ. ಎಷ್ಟು ಕಿಲೋಮೀಟರ್ ಆಯಿತು, ಆಫೀಸಿನ ಆ ಮೇಲ್ ಕಳಿಸಿದೆನೋ ಇಲ್ಲವೋ, ಗಾಳಿ ಇನ್ನೂ ಇಳಿಸಬೇಕಿತ್ತೇನೋ. ಅದನ್ನು ತಡೆಯಲು ಹೋಗಬೇಡಿ. ಫೋನ್ ಚೀಲದಲ್ಲಿ ಹಾಕಿ, ಜಿಪ್ ಎಳೆಯಿರಿ. ಹಾಡಿನ ಸ್ಪೀಕರ್ ಅಂತೂ ಬೇಡ. ದೂರ ಅಳೆಯುವ ಆ್ಯಪ್ ಬಂದ್ ಮಾಡಿ, ವಾಪಸ್ ತಿರುಗುವ ಹೊತ್ತಿಗೆ ಮಾತ್ರ ಕೈಗಡಿಯಾರ ನೋಡಿ. ಮೋಟಾರ್ ಇರುವ ಫ್ಯಾಟ್ ಬೈಕ್ ತರಬಹುದೇ ಅಂತ ಕೇಳುವವರಿದ್ದಾರೆ. ತನ್ನಿ, ಆದರೆ ನಾನು ಹೇಳುತ್ತಿರುವ ಸುಖ ಅದರಲ್ಲಿಲ್ಲ, ಉಪ್ಪುನೀರಿಗೆ ಬ್ಯಾಟರಿ ಹಾಳಾಗುವ ಭಯ ಬೇರೆ.

ಕಣ್ಣು ಹತ್ತು ಹದಿನೈದು ಅಡಿ ಮುಂದಿನ ಉಸುಕಿನ ಮೇಲೆ ಇಡಿ. ಉಸಿರನ್ನು ಪೆಡಲಿಗೆ ಜೋಡಿಸಿ: ಎರಡು ಸುತ್ತಿಗೆ ಒಳಗೆ, ಮೂರು ಸುತ್ತಿಗೆ ಹೊರಗೆ. ಲೆಕ್ಕ ತಪ್ಪಿದರೆ ತಪ್ಪಲಿ. ಸ್ವಲ್ಪ ಹೊತ್ತಿಗೆ ಟೈರಿನ ಸದ್ದು ಕೇಳತೊಡಗುತ್ತದೆ. ಒದ್ದೆ ಉಸುಕಿನಲ್ಲಿ ಅದು ಸಣ್ಣ ಚರಚರ, ಚಿಪ್ಪಿನ ಮೇಲೆ ಹೋದಾಗ ಚಟ್ ಅನ್ನುತ್ತದೆ, ನೀರಿನ ಪದರದ ಮೇಲೆ ಸರ್ರನೆ ಮೆತ್ತಗಾಗುತ್ತದೆ. ಸದ್ದು ಕೇಳಿಯೇ ನೆಲ ಹೇಗಿದೆ ಅಂತ ತಿಳಿಯುವ ಹಂತಕ್ಕೆ ಬಂದಿರಿ ಅಂದರೆ ತಲೆಯ ಗದ್ದಲ ಯಾವಾಗ ನಿಂತಿತು ಅಂತ ನಿಮಗೇ ಗೊತ್ತಾಗಿರುವುದಿಲ್ಲ. ಮುಂದೆ ಬಿಳಿ ಏಡಿಗಳು ಬಿಲದಿಂದ ಬಿಲಕ್ಕೆ ಓಡುತ್ತವೆ. ಇಬ್ಬರು ಇದ್ದರೆ ಅಕ್ಕಪಕ್ಕ ಬೇಡ, ಐವತ್ತು ಮೀಟರ್ ಬಿಟ್ಟು ಹೋಗಿ. ಮಾತು ಚಹಾ ಕುಡಿಯುವಾಗ.

ಒಂದು ತೊಂದರೆ ಯಾರೂ ಹೇಳುವುದಿಲ್ಲ. ದಂಡೆ ಕಡಲಿನ ಕಡೆ ಇಳಿಜಾರು. ತಾಸುಗಟ್ಟಲೆ ಒಂದೇ ಬದಿಗೆ ವಾಲಿ ಹೊಡೆದರೆ ಸೊಂಟದ ಒಂದು ಕಡೆ ಹಿಡಿದುಕೊಳ್ಳುತ್ತದೆ. ಇಳಿತದಲ್ಲಿ ಕೆಳಗಿನ ಚಪ್ಪಟೆ ಭಾಗ ಸಿಗುವುದರಿಂದ ಕಡಿಮೆಯಾಗುತ್ತದೆ. ಆದರೂ ಅರ್ಧ ತಾಸಿಗೊಮ್ಮೆ ಇಳಿದು, ಐದು ನಿಮಿಷ ಸೈಕಲ್ ನೂಕುತ್ತ ನಡೆಯಿರಿ.

ಇಬ್ಬರು ಮೂವರು ಸೇರಿ ಒಂದೇ ಬಾಟಲಿ ನೀರು ಹಂಚಿಕೊಳ್ಳುವುದು ಬೇಡ, ತಲೆಗೆ ಎರಡು ಲೀಟರ್ ಇರಲಿ. ತಿನ್ನಲು ಶೇಂಗಾ ಉಂಡಿ. ದಂಡೆಯಲ್ಲಿ ಅಂಗಡಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ದಂಡೆ ಅವರದು

ಬೆಳಗಿನ ಹೊತ್ತು ಮೀನುಗಾರರು ರಂಪಣಿ ಬಲೆ ಎಳೆಯುತ್ತಿರಬಹುದು. ಹತ್ತಾರು ಜನ ಎರಡು ಸಾಲಾಗಿ ನಿಂತು ನೀರಿನಿಂದ ಹಗ್ಗ ಎಳೆಯುತ್ತಾರೆ. ಹಗ್ಗ ದಂಡೆಗೆ ಅಡ್ಡ ಇರುತ್ತದೆ, ದೂರದಿಂದ ಕಾಣುವುದಿಲ್ಲ. ಜನ ಕಂಡ ಕೂಡಲೇ ಇಳಿಯಿರಿ. ಹಗ್ಗದ ಮೇಲೆ ಸೈಕಲ್ ಹತ್ತಿಸಬೇಡಿ, ಮೇಲಿನಿಂದ ಸುತ್ತಿಕೊಂಡು ನಡೆದು ಹೋಗಿ. "ಸ್ವಲ್ಪ ದಾಟ್ಲಾ ಅಣ್ಣ?" ಅಂತ ಕೇಳಿದರೆ ದಾರಿ ಬಿಡುತ್ತಾರೆ. ಒಣಗಲು ಹಾಕಿದ ಬಲೆ, ಮೀನು ಇವುಗಳ ಹತ್ತಿರವೂ ಅಷ್ಟೇ.

ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಉತ್ತರ ಕನ್ನಡದ ದಂಡೆಗೆ ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆ ಇರುವುದು ಮೇಲಿನ ಒಣ ಉಸುಕಿನಲ್ಲಿ, ಅಲೆ ಮುಟ್ಟದ ಕಡೆ. ಬಲೆ ಕಟ್ಟಿ ಬೇಲಿ ಹಾಕಿದ್ದು ಕಂಡರೆ ದೂರ ಇರಿ. ಬೇಲಿ ಇಲ್ಲದ ಗೂಡೂ ಇರಬಹುದು, ಅದಕ್ಕೇ ಮೇಲಿನ ಉಸುಕಿನಲ್ಲಿ ಸೈಕಲ್ ಹೊಡೆಯುವುದು ಬೇಡ, ನೂಕಿಕೊಂಡು ನೆಟ್ಟಗೆ ದಾಟಿ. ಕತ್ತಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ದಂಡೆಯ ಮೇಲೆ ಹೊಡೆಯಲೂಬೇಡಿ. ಬೆಳಕಿಗೆ ಆಮೆಗಳು, ಮರಿಗಳು ದಾರಿ ತಪ್ಪುತ್ತವೆ.

ಉಪ್ಪು ತೊಳೆಯುವುದು

ಸೈಕಲ್ ಹಾಳಾಗುವುದು ಉಸುಕಿನಿಂದ ಅಲ್ಲ, ಉಪ್ಪಿನಿಂದ. ಅಲೆಯೊಳಗೆ ಹೊಡೆದರೆ ಫೋಟೊ ಚಂದ ಬರುತ್ತದೆ. ಹದಿನೈದು ದಿನಕ್ಕೆ ಗಾಲಿಯ ನಡುವಿನ ಹಬ್ ಕರಕರ ಅನ್ನುತ್ತದೆ. ನೊರೆ ತಾಗುವಷ್ಟು ಹತ್ತಿರ ಹೋಗದಿದ್ದರೂ ಗಾಳಿಯಲ್ಲೇ ಉಪ್ಪು ಬರುತ್ತದೆ. ಹಾಗಾಗಿ ಹುಬ್ಬಳ್ಳಿಗೆ ಬಂದ ಮೇಲೆ ನೋಡೋಣ ಅನ್ನಬೇಡಿ. ಉಳಿದುಕೊಂಡ ಜಾಗದಲ್ಲೇ ಎರಡು ಬಕೆಟ್ ಸಿಹಿನೀರು ಕೇಳಿ. ಮೇಲಿಂದ ಕೆಳಗೆ ಮೆಲ್ಲಗೆ ಸುರಿಯಿರಿ. ಗ್ಯಾರೇಜಿನ ಒತ್ತಡದ ಪೈಪು ಬೇಡ, ಅದು ಉಪ್ಪನ್ನು ಬೇರಿಂಗ್ ಒಳಗೇ ನೂಕುತ್ತದೆ. ಚೈನನ್ನು ಹಳೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಉಸುಕು ಇರುವಾಗಲೇ ಎಣ್ಣೆ ಬಿಟ್ಟರೆ ಅದು ಹಲ್ಲುಚಕ್ರವನ್ನು ಅರೆಯುವ ಪೇಸ್ಟ್ ಆಗುತ್ತದೆ. ಬ್ರೇಕ್ ಡಿಸ್ಕಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ, ನಳಕ್ಕೆ ನೀರು ಬರುವ ದಿನ ನೋಡಿಕೊಂಡು ಇನ್ನೊಮ್ಮೆ ಸಾವಕಾಶ ತೊಳೆಯಿರಿ. ಸೀಟ್ ಪೋಸ್ಟ್ ಹೊರಗೆ ಎಳೆದು ಸೈಕಲ್ ತಲೆಕೆಳಗೆ ನಿಲ್ಲಿಸಿದರೆ ಫ್ರೇಮಿನೊಳಗಿನ ನೀರು, ಉಸುಕು ಬೀಳುತ್ತವೆ. ಪೋಸ್ಟಿಗೆ ಗ್ರೀಸ್ ಹಚ್ಚಿ ಮತ್ತೆ ಕೂರಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದು ಅಲ್ಲಿಂದ ಅಲ್ಲಾಡುವುದಿಲ್ಲ. ಪೆಡಲ್ ಬಿಚ್ಚಿ ಅದರ ತಿರುಪಿನ ಭಾಗಕ್ಕೂ ಗ್ರೀಸ್. ಎಡಗಡೆ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ, ನೆನಪಿರಲಿ. ಕಡೆಗೆ ಟೈರಿಗೆ 15 ಪಿಎಸ್‌ಐ ಗಾಳಿ ತುಂಬಿಸಿ ನಿಲ್ಲಿಸಿ. 6ರಲ್ಲೇ ತಿಂಗಳುಗಟ್ಟಲೆ ನಿಲ್ಲಿಸಿದರೆ ಸೈಕಲ್ ಭಾರಕ್ಕೆ ಟೈರಿನ ಬದಿ ಮಡಿಕೆ ಬಿದ್ದು ಸೀಳುತ್ತದೆ, ಇದರ ಟೈರ್ ಸಾದಾ ಸೈಕಲ್ ಟೈರಿನ ರೇಟಿಗೆ ಸಿಗುವುದಿಲ್ಲ.